ಲೈಸೆನ್ಸು ಯಾರಿಗೆ ಕಾವಲು?



ಮೊನ್ನೆ ಹಾಸ್ಟೆಲಿನ ಊಟದ ಮನೆಯಲ್ಲಿ ಮಾತು ಬಂತು. "ಲೈಸೆನ್ಸು ಅಂದ್ರೆ ಲಂಚಕ್ಕೆ ಕೊಟ್ಟ ರಸೀದಿ ಕಣ್ರೋ" ಅಂದ ಒಬ್ಬ. ನಾವೆಲ್ಲ ನಕ್ಕೆವು. ಆಮೇಲೆ ನಗು ಗಂಟಲಲ್ಲೇ ನಿಂತಿತು. ಬಡವರಿಗೆ ಕಾಯಿದೆಯೇ ಬೇಡವೆ?

ಅಮೆರಿಕದ ಕೆಲವು ರಾಜ್ಯಗಳಲ್ಲಿ ಮಕ್ಕಳಿಗೆಂದೇ ಹಗಲು ಹೊತ್ತಿನ ಚಿಕಿತ್ಸಾ ಕೇಂದ್ರಗಳಿವೆ. ಗಂಟಲಿಗೆ ಕೊಳವೆ ಹಾಕಿದ ಮಗು, ನಳಿಕೆಯಲ್ಲೇ ಹೊಟ್ಟೆಗೆ ಹಾಲು ಬಿಡಬೇಕಾದ ಮಗು, ಆಕ್ಸಿಜನ್ ಇಲ್ಲದೆ ಉಸಿರಾಡದ ಮಗು. ಇಂಥ ಮಗುವನ್ನು ಯಾವ ಶಿಶುವಿಹಾರ ಸೇರಿಸಿಕೊಳ್ಳುತ್ತದೆ? ಈ ಕೇಂದ್ರದಲ್ಲಿ ಬೆಳಿಗ್ಗೆ ಬಿಟ್ಟು ಸಂಜೆ ಕರಕೊಂಡು ಹೋಗಬಹುದು. ನಡುವೆ ನರ್ಸು ನೋಡಿಕೊಳ್ಳುತ್ತಾಳೆ. ತಾಯಿ ಕೆಲಸಕ್ಕೆ ಹೋಗುತ್ತಾಳೆ. ಇಷ್ಟೇ. ಆದರೆ ಈ 'ಇಷ್ಟೇ' ಅನ್ನೋದರಲ್ಲಿ ಒಂದು ಮನೆಯ ಅನ್ನ ಇದೆ.

ಫ್ಲಾರಿಡಾದಲ್ಲಿ ಲೈಸೆನ್ಸು ಇಲ್ಲದೆ ಇಂಥ ಕೇಂದ್ರ ನಡೆಸುವಂತಿಲ್ಲ. ಡಾಕ್ಟರು ಬರೆದುಕೊಡಬೇಕು, ಹೆತ್ತವರು ಒಪ್ಪಬೇಕು. ಟೆಕ್ಸಾಸ್ 2011ರಲ್ಲಿ ಇದಕ್ಕೆ ಕಾಯಿದೆ ಮಾಡಿತು. ದಿನಕ್ಕೆ 12 ಗಂಟೆಗಿಂತ ಹೆಚ್ಚು ಮಗುವನ್ನು ಇಟ್ಟುಕೊಳ್ಳುವಂತಿಲ್ಲ, ರಾತ್ರಿ ಉಳಿಸಿಕೊಳ್ಳುವಂತಿಲ್ಲ, ಒಂದೇ ಹೊತ್ತಿಗೆ 60 ಮಕ್ಕಳಿಗಿಂತ ಹೆಚ್ಚು ತುಂಬುವಂತಿಲ್ಲ. ಈ ಅಂಕಿಗಳು ಯಾಕೆ ಅಂತೀರಾ? ಕೊಳವೆಯಲ್ಲಿ ಕಫ ಕಟ್ಟಿದರೆ ಮಗುವಿಗೆ ಉಳಿಯುವುದು ನಿಮಿಷಗಳು. ಆ ನಿಮಿಷದಲ್ಲಿ ನರ್ಸು ಬೇರೆ ಇಪ್ಪತ್ತು ಮಕ್ಕಳ ಹತ್ತಿರ ಇದ್ದರೆ ಮುಗಿಯಿತು. ಲಾಭಕ್ಕೆ ನಡೆಸುವವನು ಮೊದಲು ಕಡಿತ ಮಾಡುವುದು ನರ್ಸನ್ನೇ. ಅದಕ್ಕೇ ಲೈಸೆನ್ಸು ಬೇಕು.

ಆದರೆ ಕತೆ ಇಲ್ಲಿಗೆ ಮುಗಿಯಲಿಲ್ಲ. ಅದೇ ಫ್ಲಾರಿಡಾದಲ್ಲಿ ಬಡ ಮಕ್ಕಳ ವೆಚ್ಚ ಭರಿಸಬೇಕಾದದ್ದು ಮೆಡಿಕೈಡ್ ಎಂಬ ಸರ್ಕಾರಿ ಯೋಜನೆ. ಮನೆಯಲ್ಲೇ ಇಟ್ಟು ನೋಡಿಕೊಳ್ಳಲು ಬೇಕಾದಷ್ಟು ನರ್ಸಿನ ನೆರವು ಸಿಗದೆ ನೂರಕ್ಕೂ ಮಿಕ್ಕಿ ಮಕ್ಕಳು ನರ್ಸಿಂಗ್ ಹೋಮುಗಳಲ್ಲಿ ಬಿದ್ದಿದ್ದರು. 2013ರಲ್ಲಿ ಕೇಂದ್ರದ ನ್ಯಾಯ ಇಲಾಖೆಯೇ ರಾಜ್ಯದ ಮೇಲೆ ದಾವೆ ಹೂಡಿತು. ತೀರ್ಪು ಬಂದದ್ದು 2023ರ ಜುಲೈನಲ್ಲಿ. ಹತ್ತು ವರ್ಷ! ಕೈಗೂಸಾಗಿದ್ದ ಮಗು ಶಾಲೆಗೆ ಹೋಗೋ ಹುಡುಗ ಆಗಿರುತ್ತದೆ. ಹೀಗೆ ಬೇರೆ ಇಡುವುದು ಕಾನೂನಿಗೆ ವಿರುದ್ಧ ಅಂದರು ನ್ಯಾಯಾಧೀಶರು. ರಾಜ್ಯ ಅಪೀಲು ಹೋಯಿತು. ಬೇರೆ ಇಡುವುದು ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಮಗ್ಗುಲೂ ಇದೆ. 1972ರಲ್ಲಿ ಬೊಂಬಾಯಿಯ ನಮ್ಮ ದಲಿತ ಪ್ಯಾಂಥರ್ಸ್ ಯಾರ ಹೆಸರನ್ನು ಎದೆಗೆ ಹಚ್ಚಿಕೊಂಡರೋ, ಆ ಕರಿಯರ ಬ್ಲ್ಯಾಕ್ ಪ್ಯಾಂಥರ್ ಪಕ್ಷ ತನ್ನ ಕೇರಿಗಳಲ್ಲಿ ಪುಕ್ಕಟೆ ಚಿಕಿತ್ಸಾಲಯ ತೆರೆದಿತ್ತು. ರಕ್ತದಲ್ಲಿ ಬರುವ ಸಿಕಲ್ ಸೆಲ್ ರೋಗಕ್ಕೆ 1971ರಲ್ಲಿ ಕೇರಿಯ ಜನರ ರಕ್ತಪರೀಕ್ಷೆಗೆ ಇಳಿದರು. ಇಂಥ ಚಿಕಿತ್ಸಾಲಯ ಕಂಡು ಶಿಕಾಗೋದ ಆರೋಗ್ಯ ಮಂಡಳಿಗೆ ಇದ್ದಕ್ಕಿದ್ದಂತೆ ಲೈಸೆನ್ಸಿನ ನೆನಪಾಯಿತು. ಅಲ್ಲಿಯತನಕ ಆ ಕೇರಿಗೆ ಡಾಕ್ಟರು ಬರುತ್ತಿಲ್ಲ ಅನ್ನೋದು ಮಂಡಳಿಗೆ ಕಂಡಿರಲಿಲ್ಲ. ಬಡವರೇ ಬಾಗಿಲು ತೆರೆದಾಗ ಮಾತ್ರ 'ಕಾಗದ ಎಲ್ಲಿ?'

ಹಾಗಾಗಿ ಊಟದ ಮನೆಯ ಗೆಳೆಯನಿಗೆ ನಮ್ಮ ಉತ್ತರ ಇದು. ಲೈಸೆನ್ಸು ಬೇಡ ಅನ್ನಬೇಡ. ಬೇಡ ಅಂದರೆ ಖುಷಿಪಡುವವನು ದುಡ್ಡಿನ ಧಣಿ. ಎಷ್ಟು ಮಕ್ಕಳಿಗೆ ಎಷ್ಟು ನರ್ಸು ಅಂತ ಬರೆಸು, ತಪಾಸಣೆಯ ವರದಿ ತಾಯಂದಿರ ಕೈಗೆ ಸಿಗಲಿ ಅನ್ನು. ಕೂಲಿಯವಳ ಮಗುವಿನ ಖರ್ಚು ಸರ್ಕಾರದ್ದು ಅಂತ ಅದೇ ಕಾಯಿದೆಯಲ್ಲಿ ಬರೆಯದೆ ಇದ್ದರೆ, ಲೈಸೆನ್ಸಿನ ಬೋರ್ಡು ಎಷ್ಟು ದೊಡ್ಡದಿದ್ದರೂ ಒಳಗೆ ಹೋಗುವುದು ಇದ್ದವರ ಮಗುವೇ.

ನಮ್ಮಲ್ಲಿ ನರ್ಸಿಂಗ್ ಓದುವವರಿದ್ದಾರೆ, ಲಾ ಕಾಲೇಜಿನವರಿದ್ದಾರೆ. ಮುಂದಿನ ಭಾನುವಾರದ ಸಭೆಗೆ ಬನ್ನಿ. ನಮ್ಮ ರಾಜ್ಯದಲ್ಲಿ ಕಾಯಿಲೆಯ ಮಗುವನ್ನು ಹಗಲು ಹೊತ್ತು ಯಾರು ನೋಡಿಕೊಳ್ಳುತ್ತಾರೆ, ಕಟ್ಟಡ ಕೆಲಸಕ್ಕೆ ಹೋಗೋ ನಮ್ಮವ್ವಂದಿರು ಅದನ್ನು ಎಲ್ಲಿ ಬಿಟ್ಟು ಹೋಗುತ್ತಾರೆ ಅಂತ ನಿಮ್ಮ ನಿಮ್ಮ ಕೇರಿಯಲ್ಲಿ ಕೇಳಿ, ಬರಕೊಂಡು ಬನ್ನಿ.