ಹಾಡುವವರ ಕಿವಿಗೆ ದನಿ ತಡವಾಗಬಾರದು

ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಭಾರತಕ್ಕೆ ಗ್ರಾಮಫೋನ್ ಧ್ವನಿಮುದ್ರಣ ಬಂದದ್ದು 1902ರಲ್ಲಿ. ಶಿಗ್ಗಾಂವಿ ಸೀಮೆಯ ಆ ದನಿ ನಮಗೆ ಸಿಗಲೇ ಇಲ್ಲ; ಪದಗಳಷ್ಟೇ ಬಾಯಿಂದ ಬಾಯಿಗೆ ಉಳಿದು ಬಂದವು. ಇಂದು ಹಾನಗಲ್ಲ, ಸವಣೂರು, ಹಿರೇಕೆರೂರಿನ ಯಾವ ಮನೆಯಲ್ಲಾದರೂ ಲ್ಯಾಪ್‌ಟಾಪು, ಮೈಕು, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಒಂದು ಆಡಿಯೊ ಇಂಟರ್‌ಫೇಸ್ ಇದ್ದರೆ ತತ್ವಪದವನ್ನೂ ಸೋಬಾನೆಯನ್ನೂ ಹಿಡಿದಿಡಬಹುದು. ಇದು ಸಣ್ಣ ಭಾಗ್ಯವಲ್ಲ. ಆದರೆ ಒಂದು ಸೆಟ್ಟಿಂಗ್ ತಪ್ಪಿದರೆ ಹಾಡುವವರ ಲಯವೇ ಕೆಡುತ್ತದೆ. ಅದರ ಹೆಸರು ಬಫರ್.

ಕಂಪ್ಯೂಟರು ದನಿಯನ್ನು ಸೆಕೆಂಡಿಗೆ 44,100 ಅಥವಾ 48,000 ಸ್ಯಾಂಪಲ್‌ಗಳಾಗಿ ಅಳೆಯುತ್ತದೆ. ಒಂದೊಂದು ಹನಿಗೂ ಓಡದೆ, ಕೊಡ ತುಂಬಿದ ಮೇಲೆ ಹೊತ್ತೊಯ್ಯುವ ಹಾಗೆ, ಗೊತ್ತುಮಾಡಿದಷ್ಟು ಸ್ಯಾಂಪಲ್ ಕೂಡಿದ ಮೇಲೆಯೇ ಕೆಲಸಕ್ಕೆ ತೊಡಗುತ್ತದೆ. ಆ ಅಳತೆಯೇ ಬಫರ್. 48,000ರ ದರದಲ್ಲಿ 128 ಸ್ಯಾಂಪಲ್ಲಿಗೆ ಸುಮಾರು 2.7 ಮಿಲಿಸೆಕೆಂಡು, 1024ಕ್ಕೆ 21 ಮಿಲಿಸೆಕೆಂಡು ಬೇಕು. ದನಿ ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಕಾಯಬೇಕು. ಹೀಗೆ 1024 ಇಟ್ಟರೆ, ಹಾಡಿದ್ದು ಹೆಡ್‌ಫೋನಿಗೆ ಮರಳುವಷ್ಟರಲ್ಲಿ 40 ಮಿಲಿಸೆಕೆಂಡು ದಾಟಿರುತ್ತದೆ.

ಅಷ್ಟು ತಡಕ್ಕೆ ಏನಾದೀತು ಎನ್ನಿಸಬಹುದು. ಗಾಳಿಯಲ್ಲಿ ದನಿ ಒಂದು ಮಿಲಿಸೆಕೆಂಡಿಗೆ ಸಾಗುವುದು ಸುಮಾರು 34 ಸೆಂಟಿಮೀಟರು. ಭಜನೆಗೆ ಕೂತಾಗ ಮೂರು ಮೀಟರ್ ಆಚೆಯವರ ತಾಳ ನಮಗೆ 9 ಮಿಲಿಸೆಕೆಂಡು ತಡವಾಗಿಯೇ ಕೇಳುತ್ತದೆ. ಯಾರ ಲಯವೂ ಕೆಡುವುದಿಲ್ಲ. ಆದರೆ ಸ್ವಂತ ದನಿಯ ಲೆಕ್ಕ ಬೇರೆ. ಅದು ತಲೆಯ ಎಲುಬಿನ ಮೂಲಕ ತಡವಿಲ್ಲದೆ ಒಳಗಿವಿ ಮುಟ್ಟುತ್ತದೆ. ಅದೇ ದನಿ ಹೆಡ್‌ಫೋನಿನಲ್ಲಿ ತುಸು ಹಿಂದೆ ಬಂದರೆ ಎರಡೂ ಬೆರೆತು ಟೊಳ್ಳಾಗಿ ಕೇಳುತ್ತದೆ; ಇನ್ನೂ ತಡವಾದರೆ ಹಾಡುವವರು ಅದಕ್ಕಾಗಿ ಕಾಯತೊಡಗುತ್ತಾರೆ, ಗತಿ ಇಳಿಯುತ್ತದೆ. ಸ್ವಂತ ಮಾತು ಸುಮಾರು 200 ಮಿಲಿಸೆಕೆಂಡು ತಡವಾಗಿ ಕೇಳಿಸಿದರೆ ಚೆನ್ನಾಗಿ ಮಾತಾಡುವವರೂ ತೊದಲುತ್ತಾರೆಂದು 1950ರ ಹೊತ್ತಿಗೇ ಸಂಶೋಧಕ ಬರ್ನಾರ್ಡ್ ಲೀ ತೋರಿಸಿದ್ದರು. ಬ್ಲೂಟೂತ್ ಹೆಡ್‌ಫೋನಿನ ತಡ ಹಲವು ಸಲ 100 ಮಿಲಿಸೆಕೆಂಡನ್ನು ಮೀರುತ್ತದೆ. ಹಾಡಿಸುವಾಗ ವೈರ್ ಇರುವುದೇ ಬೇಕು.

ಹಾಗೆಂದು ಬಫರನ್ನು ತೀರ ಇಳಿಸಿದರೆ ಕಂಪ್ಯೂಟರಿಗೆ ಪುರಸೊತ್ತು ಸಾಲದೆ ಮುದ್ರಣದಲ್ಲಿ ಚಟಪಟ ಸದ್ದು ಸೇರುತ್ತದೆ. ಅದಕ್ಕೇ ಹಾಡುವ ಹೊತ್ತಿಗೆ 64 ಇಲ್ಲವೆ 128 ಇಟ್ಟು, ದನಿಯನ್ನು ತಿದ್ದುವ ಭಾರದ ಪ್ಲಗಿನ್‌ಗಳನ್ನು ಆಫ್ ಮಾಡಿಡಬೇಕು. ವಿಂಡೋಸ್‌ನಲ್ಲಿ ತಡವನ್ನು ತಗ್ಗಿಸುವ, ಇಂಟರ್‌ಫೇಸಿನದೇ ಆಸಿಯೊ (ASIO) ಡ್ರೈವರ್ ಬಳಸಬೇಕು. ಮಿಕ್ಸಿಂಗಿಗೆ ಕೂತಾಗ 1024 ಇದ್ದರೂ ನಡೆದೀತು, ಆಗ ಯಾರೂ ಹಾಡುತ್ತಿರುವುದಿಲ್ಲ. ಲ್ಯಾಪ್‌ಟಾಪು ಹಳೆಯದಾದರೆ ಡೈರೆಕ್ಟ್ ಮಾನಿಟರಿಂಗ್ ಇದೆ: ಮೈಕಿನ ದನಿ ಕಂಪ್ಯೂಟರಿಗೆ ಕಾಯದೆ ಇಂಟರ್‌ಫೇಸಿನಿಂದಲೇ ಕಿವಿಗೆ ಬರುತ್ತದೆ. ಆಗ ಸಾಫ್ಟ್‌ವೇರಿನ ಮಾನಿಟರಿಂಗ್ ಆಫ್ ಮಾಡದಿದ್ದರೆ ದನಿ ಎರಡೆರಡಾಗಿ ಕೇಳುತ್ತದೆ.

ಇನ್ನೊಂದು ದಾರಿ ಹಳೆಯದು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದಾಗ ಒಂದು ಮಗ್ಗುಲಿಗೆ ಸಿಗುತ್ತಿದ್ದದ್ದು ಮೂರು ನಿಮಿಷದ ಆಸುಪಾಸು. ಅಷ್ಟರಲ್ಲಿ ಹಾಡುಗಾರರೂ ಪಕ್ಕವಾದ್ಯದವರೂ ಒಂದೇ ಕೋಣೆಯಲ್ಲಿ ಕೂಡಿಯೇ ಮುಗಿಸಬೇಕಿತ್ತು. ಏಕತಾರಿ, ದಮ್ಮಡಿ, ದನಿ ಮೂರನ್ನೂ ಬೇರೆಬೇರೆ ಟ್ರ್ಯಾಕಿಗೆ ಒಡೆಯದೆ, ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಹೆಡ್‌ಫೋನನ್ನೇ ಕೊಡದೆ ಹಾಡಿಸಿದರೆ ತಡದ ಪ್ರಶ್ನೆಯೇ ಏಳುವುದಿಲ್ಲ. ತತ್ವಪದಕ್ಕೆ ನಾನು ಮೊದಲು ಹೇಳುವ ಉಪಾಯ ಇದೇ.

ಇದೇ ಶಿಗ್ಗಾಂವಿ ಸೀಮೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಸುತ್ತಲ ಊರುಗಳ ಹುಡುಗ ಹುಡುಗಿಯರಿಗೆ ಇಷ್ಟು ವಿದ್ಯೆಯನ್ನು ಅಲ್ಲಿ ಕಲಿಸಲು ಸಾಧ್ಯವಾದರೆ ಎಷ್ಟೋ ಅಜ್ಜಿಯರ ಹಾಡು ಕೆಡದೆ ಉಳಿದೀತು. ಎಪ್ಪತ್ತು ದಾಟಿದ ಹಾಡುಗಾರರಿಗೆ ಹೆಡ್‌ಫೋನ್ ತೊಡಿಸಿ, ಅವರು ತಡವರಿಸಿದೊಡನೆ ತಾಳ ತಪ್ಪಿತು ಅನ್ನುವುದು ಅನ್ಯಾಯ. ಆ ಮಾತು ನಾಲಿಗೆಗೆ ಬರುವ ಮೊದಲು ಬಫರ್ ಎಷ್ಟಿದೆಯೆಂದು ನೋಡುವುದು ಮುದ್ರಿಸುವವರ ಧರ್ಮ.