ಪದವಿಯೂ ಪರಿಗ್ರಹವೇ: ಹಿರಿಯರ ಸ್ವಾಧ್ಯಾಯ ಮಂಡಳಿಗಳ ನಾಯಕತ್ವ ಕುರಿತು

ಜೈನ ಶಾಸ್ತ್ರಗಳು ಹೇಳುವ ಆರು ಅಂತರಂಗ ತಪಸ್ಸುಗಳಲ್ಲಿ ಸ್ವಾಧ್ಯಾಯವೂ ಒಂದು. ಉಪವಾಸ, ರಸಪರಿತ್ಯಾಗ ಮೊದಲಾದ ಬಾಹ್ಯ ತಪಸ್ಸುಗಳಿಗೆ ಶರೀರಬಲ ಬೇಕು. ಸ್ವಾಧ್ಯಾಯಕ್ಕೆ ಬೇಕಾದುದು ವಿರಾಮ ಮತ್ತು ವಿನಯ. ವೃತ್ತಿಯಿಂದ ನಿವೃತ್ತರಾದವರಿಗೆ ವಿರಾಮವು ತಾನಾಗಿ ಒದಗುತ್ತದೆ. ವಿನಯವು ತಾನಾಗಿ ಒದಗುವುದಿಲ್ಲ. ತತ್ತ್ವಾರ್ಥಸೂತ್ರವು ಅಂತರಂಗ ತಪಸ್ಸುಗಳನ್ನು ಎಣಿಸುವಾಗ ವಿನಯವನ್ನು ಮೊದಲು ಹೇಳಿ ಸ್ವಾಧ್ಯಾಯವನ್ನು ಅನಂತರ ಹೇಳಿರುವುದು ಅರ್ಥವಿಲ್ಲದ ಕ್ರಮವಲ್ಲ. ಹಿರಿಯರು ಕೂಡಿ ಓದುವ ಮಂಡಳಿಗಳಲ್ಲಿ ಇಂದು ಏಳುತ್ತಿರುವ ಕಲಹಗಳ ಮೂಲವನ್ನು ಹುಡುಕಿದರೆ ಅದು ಗ್ರಂಥದ ಅರ್ಥಭೇದದಲ್ಲಿ ಸಿಗುವುದಿಲ್ಲ, ಅಧ್ಯಕ್ಷರ ಕುರ್ಚಿಯಲ್ಲಿ ಸಿಗುತ್ತದೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂಥ ಊರುಗಳನ್ನು ಎದುರಿಗಿಟ್ಟುಕೊಂಡು ಈ ವಿಷಯವನ್ನು ವಿಚಾರಿಸಬೇಕು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4.4 ಲಕ್ಷ; ಅಂದರೆ ನೂರಕ್ಕೆ ಒಬ್ಬರೂ ಇಲ್ಲ. ಅವರಲ್ಲಿಯೂ ಹೆಚ್ಚಿನವರು ಬೆಳಗಾವಿಯ ಕಡೆಯವರು. ಮಧ್ಯ ಕರ್ನಾಟಕದ ತಾಲೂಕು ಕೇಂದ್ರಗಳಲ್ಲಿ ಸಮಾಜದ ಮನೆಗಳು ಚದರಿಹೋಗಿವೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಮನೆಯಲ್ಲಿ ಉಳಿಯುವವರು ವೃದ್ಧ ದಂಪತಿಗಳು, ಕೆಲವೆಡೆ ಒಬ್ಬರೇ. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯವೂ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವೂ ಸ್ಥಾಪನೆಯಾದವು ಎಂಬುದು ನಿಜ. ಆದರೆ ಅವು ಪದವಿ ಪಡೆಯಬೇಕಾದ ತರುಣರಿಗಾಗಿ ಇರುವಂಥವು. ಎಪ್ಪತ್ತರ ವಯಸ್ಸಿನಲ್ಲಿ ಹಳಗನ್ನಡದ ಒಂದು ಪುರಾಣವನ್ನು ಅರ್ಥಸಹಿತ ಓದಬೇಕೆಂದು ಬಯಸುವ ನಿವೃತ್ತ ಶಿಕ್ಷಕನಿಗೆ, ಅಡಿಕೆ ವ್ಯಾಪಾರವನ್ನು ಮಗನಿಗೆ ಒಪ್ಪಿಸಿದ ವರ್ತಕನಿಗೆ, ಪತಿಯನ್ನು ಕಳೆದುಕೊಂಡ ಶ್ರಾವಿಕೆಗೆ ಇರುವ ವಿದ್ಯಾಪೀಠವೆಂದರೆ ಬಸದಿಯ ಪಡಸಾಲೆ, ಇಲ್ಲವೇ ಸಮಾಜದ ಸಭಾಭವನ. ದೊಡ್ಡ ನಗರದಲ್ಲಿ ಒಂದು ಮಂಡಳಿ ಮುಚ್ಚಿದರೆ ಮತ್ತೊಂದಕ್ಕೆ ಹೋಗಬಹುದು. ಇಂಥ ಊರಿನಲ್ಲಿ ಇರುವ ಒಂದು ಮಂಡಳಿ ಮುಚ್ಚಿದರೆ ಓದೇ ಮುಚ್ಚಿಹೋಗುತ್ತದೆ. ಆದುದರಿಂದ ಮಂಡಳಿಯ ಮುಂದಾಳು ಯಾರು, ಅವನು ಎಷ್ಟು ಕಾಲ ಇರಬೇಕು, ಹೇಗೆ ಬಿಟ್ಟುಕೊಡಬೇಕು ಎಂಬ ಪ್ರಶ್ನೆಗಳು ಕ್ಷುಲ್ಲಕ ರಾಜಕಾರಣವಲ್ಲ; ಜ್ಞಾನದಾನದ ಉಳಿವಿನ ಪ್ರಶ್ನೆಗಳು.

ಇಲ್ಲೊಂದು ವೈಪರೀತ್ಯವನ್ನು ಗಮನಿಸಬೇಕು. ಮಂಡಳಿಗಳ ಮುಂಚೂಣಿಯಲ್ಲಿ ಇರುವವರಲ್ಲಿ ಅನೇಕರು ಸರ್ಕಾರಿ ಸೇವೆಯಿಂದ ನಿವೃತ್ತರಾದವರು. ಕರ್ನಾಟಕ ಸರ್ಕಾರದ ನೌಕರರು 2008ರವರೆಗೆ 58ನೆಯ ವಯಸ್ಸಿನಲ್ಲಿ ನಿವೃತ್ತರಾಗುತ್ತಿದ್ದರು, ಅನಂತರ 60ರಲ್ಲಿ. ನಿವೃತ್ತಿಯ ದಿನ ಮುಖ್ಯೋಪಾಧ್ಯಾಯರು ನಗದು ಪುಸ್ತಕ, ದಾಸ್ತಾನು ವಹಿ, ಹಾಜರಿ ಪುಸ್ತಕ, ಬೀರುವಿನ ಕೀಲಿಕೈ ಇವೆಲ್ಲವನ್ನೂ ಪಟ್ಟಿ ಮಾಡಿ, ಸಹಿ ಹಾಕಿ, ಪ್ರಭಾರವನ್ನು ಮುಂದಿನವರಿಗೆ ಒಪ್ಪಿಸುತ್ತಾರೆ. ಬೇಬಾಕಿ ಪ್ರಮಾಣಪತ್ರ ದೊರೆಯದೆ ಪಿಂಚಣಿಯ ಕಡತ ಮುಂದೆ ಸಾಗದು. ಸರ್ಕಾರದ ಮರದ ಬೆಂಚಿಗೂ ಲೆಕ್ಕ ಕೊಟ್ಟುಬಂದ ಅದೇ ವ್ಯಕ್ತಿ ಜಿನವಾಣಿಯ ಬೀರುವಿನ ಕೀಲಿಕೈಯನ್ನು ಹದಿನೈದು ಇಪ್ಪತ್ತು ವರ್ಷ ಸ್ವಂತ ಮನೆಯ ಮೊಳೆಗೆ ತೂಗುಹಾಕಿಕೊಂಡಿದ್ದರೆ ಅದನ್ನು ಏನೆಂದು ಕರೆಯಬೇಕು? ಅವರು ಪರ ಊರಿನ ಮಗನ ಮನೆಗೆ ಹೋದಾಗ ತಿಂಗಳುಗಟ್ಟಲೆ ಗ್ರಂಥಗಳು ಕತ್ತಲೆಯಲ್ಲಿ ಉಳಿದರೆ ಆ ಜ್ಞಾನಾಂತರಾಯದ ಹೊಣೆ ಯಾರದು? ಸಮಾಜ ಇದನ್ನು ‘ಸೇವೆ’ ಎಂದು ಕರೆದು ಶಾಲು ಹೊದಿಸುತ್ತಿದೆ. ಶಾಸ್ತ್ರವು ಇದಕ್ಕೆ ಬೇರೆ ಹೆಸರನ್ನೇ ಇಟ್ಟಿದೆ.

ಪರಿಗ್ರಹದ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ವಸ್ತುವನ್ನು ಎಣಿಸಲಿಲ್ಲ. ವಸ್ತುವಿನಲ್ಲಿ ಹುಟ್ಟುವ ಮೂರ್ಛೆಯನ್ನು ಎಣಿಸಿದರು. ಭೂಮಿ, ಮನೆ, ಧನ, ಧಾನ್ಯಗಳ ಬಾಹ್ಯ ಪರಿಗ್ರಹವನ್ನು ಪರಿಮಿತಗೊಳಿಸಿಕೊಂಡವರೂ ಮಾನವೆಂಬ ಅಂತರಂಗ ಪರಿಗ್ರಹದಲ್ಲಿ ಸಿಕ್ಕಿಬೀಳುವುದು ಸಾಧ್ಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವ ಎಂಟು ಮದಗಳಲ್ಲಿ ಮೊದಲನೆಯದು ಜ್ಞಾನದ ಮದ, ಎರಡನೆಯದು ಪೂಜೆಯ ಮದ, ಎಂದರೆ ಜನರಿಂದ ಸನ್ಮಾನ ಪಡೆಯುವುದರ ಮದ. ಸ್ವಾಧ್ಯಾಯ ಮಂಡಳಿಯ ಅಧ್ಯಕ್ಷಸ್ಥಾನದಲ್ಲಿ ಈ ಎರಡೂ ಒಂದೇ ಕುರ್ಚಿಯಲ್ಲಿ ಕುಳಿತಿರುತ್ತವೆ. ಅದೇ ಗ್ರಂಥವು ಶ್ರಾವಕನಿಗೆ ಹನ್ನೊಂದು ಮೆಟ್ಟಿಲುಗಳನ್ನು ವಿಧಿಸಿದೆ. ಒಂಬತ್ತನೆಯದು ಪರಿಗ್ರಹತ್ಯಾಗ, ಹತ್ತನೆಯದು ಅನುಮತಿತ್ಯಾಗ. ಹತ್ತನೆಯ ಪ್ರತಿಮೆಗೆ ಏರಿದ ಶ್ರಾವಕನು ಲೌಕಿಕ ಕಾರ್ಯಗಳಲ್ಲಿ ‘ಹೀಗೆ ಮಾಡು’ ಎಂಬ ಸಮ್ಮತಿಯನ್ನೂ ಕೊಡುವುದಿಲ್ಲ. ಎಲ್ಲರೂ ಆ ಎತ್ತರಕ್ಕೆ ಏರಬೇಕೆಂದು ಯಾರೂ ಒತ್ತಾಯಿಸಲಾರರು. ಆದರೆ ವಯಸ್ಸು ಏರಿದಂತೆ ಹಿಡಿತ ಸಡಿಲವಾಗಬೇಕು ಎಂಬುದೇ ಆ ಕ್ರಮದ ತಾತ್ಪರ್ಯ. ಈ ಪ್ರತಿಮೆಗಳನ್ನು ಪ್ರತಿ ಚಾತುರ್ಮಾಸದಲ್ಲಿ ವಿವರಿಸುವ ಮಂಡಳಿಯು ತನ್ನ ಲೆಟರ್‌ಹೆಡ್ಡಿನಲ್ಲಿ ಇಪ್ಪತ್ತು ವರ್ಷ ಒಂದೇ ಹೆಸರನ್ನು ಮುದ್ರಿಸುತ್ತಿದ್ದರೆ, ಅಲ್ಲಿ ಪಾಠವಾಗಿದೆಯೇ ಹೊರತು ಸ್ವಾಧ್ಯಾಯವಾಗಿಲ್ಲ.

ಇದು ಗೃಹಸ್ಥರಿಗೆ ಅತಿಯಾದ ನಿರೀಕ್ಷೆಯೆಂದು ಹೇಳುವವರು ಆಚಾರ್ಯರ ನಡೆಯನ್ನು ನೋಡಬೇಕು. ಶಿವಾರ್ಯರ ಭಗವತೀ ಆರಾಧನೆಯು, ಆಯುಷ್ಯ ಅಲ್ಪವೆಂದರಿತ ಆಚಾರ್ಯನು ಯೋಗ್ಯ ಶಿಷ್ಯನಿಗೆ ಗಣವನ್ನು ಒಪ್ಪಿಸಿ, ಗಣದವರೆಲ್ಲರ ಕ್ಷಮೆಯನ್ನು ಬೇಡಿ, ಸಲ್ಲೇಖನಕ್ಕಾಗಿ ಬೇರೊಂದು ಗಣಕ್ಕೆ ತೆರಳಬೇಕೆಂದು ವಿಧಿಸುತ್ತದೆ. ಕಾರಣವನ್ನೂ ಅದು ಮರೆಮಾಚುವುದಿಲ್ಲ. ಸ್ವಂತ ಗಣದಲ್ಲಿಯೇ ಉಳಿದರೆ, ಹೇಳಿದ ಮಾತನ್ನು ಯಾರಾದರೂ ಮೀರಿದಾಗ ಕೋಪವೂ ಶಿಷ್ಯರನ್ನು ಕಂಡಾಗ ಮೋಹವೂ ಹುಟ್ಟಿ ಸಮಾಧಿ ಕೆಡುತ್ತದೆ. ಮನುಷ್ಯಸ್ವಭಾವವನ್ನು ಇದಕ್ಕಿಂತ ಸ್ಪಷ್ಟವಾಗಿ ಕಂಡವರು ವಿರಳ. ಅಧಿಕಾರ ಬಿಟ್ಟುಕೊಟ್ಟ ಮೇಲೂ ‘ಗೌರವಾಧ್ಯಕ್ಷ’ರೆಂದು ಪಕ್ಕದ ಕುರ್ಚಿಯಲ್ಲೇ ಕುಳಿತು, ಹೊಸಬರ ಪ್ರತಿ ನಿರ್ಣಯಕ್ಕೂ ಹುಬ್ಬು ಗಂಟಿಕ್ಕುವವರಿಗೆ ಈ ವಿಧಿಯಲ್ಲಿ ಉತ್ತರವಿದೆ.

ಇವು ಗ್ರಂಥದಲ್ಲಿ ಮಾತ್ರ ಉಳಿದ ಮಾತುಗಳಲ್ಲ. ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿದಾಗ ಆಚಾರ್ಯಪದವನ್ನು ದೂರದ ಜಯಪುರದಲ್ಲಿದ್ದ ವೀರಸಾಗರರಿಗೆ ಒಪ್ಪಿಸಿದರು. ಎದುರಿಗಿದ್ದು ಸೇವೆ ಮಾಡಿದವನೆಂಬ ದಾಕ್ಷಿಣ್ಯ ಅಲ್ಲಿ ಕೆಲಸ ಮಾಡಲಿಲ್ಲ. 1972ರ ನವೆಂಬರ್ 22ರಂದು ರಾಜಸ್ಥಾನದ ನಸೀರಾಬಾದಿನಲ್ಲಿ ನಡೆದುದು ಇನ್ನೂ ದೊಡ್ಡದು. ಜಯೋದಯದಂಥ ಸಂಸ್ಕೃತ ಮಹಾಕಾವ್ಯವನ್ನು ರಚಿಸಿದ, ಎಂಬತ್ತು ದಾಟಿದ ಆಚಾರ್ಯ ಜ್ಞಾನಸಾಗರರು ತಮ್ಮ ಪದವನ್ನು ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಇಪ್ಪತ್ತಾರರ ಮುನಿ ವಿದ್ಯಾಸಾಗರರಿಗೆ ಕೊಟ್ಟರು. ಕೊಟ್ಟು, ತಾವು ಆಸನದಿಂದ ಇಳಿದು, ನಿನ್ನೆಯ ಶಿಷ್ಯನನ್ನೇ ಆಚಾರ್ಯನೆಂದು ಒಪ್ಪಿ ತಮ್ಮ ಸಲ್ಲೇಖನವನ್ನು ನಡೆಸಿಕೊಡಬೇಕೆಂದು ಪ್ರಾರ್ಥಿಸಿದರು. 1973ರ ಜೂನ್ 1ರಂದು ಅವರ ಸಮಾಧಿಯಾಯಿತು. ಆ ಶಿಷ್ಯ 1968ರಲ್ಲಿ ದೀಕ್ಷೆ ಪಡೆದವರು. ಅವರನ್ನು ಹತ್ತಿರ ಕೂರಿಸಿಕೊಂಡು ಸಂಸ್ಕೃತ, ನ್ಯಾಯ, ಸಿದ್ಧಾಂತಗಳನ್ನು ಕಲಿಸಿದ ಮೇಲೆಯೇ ಗುರುಗಳು ಪದವನ್ನು ಬಿಟ್ಟುಕೊಟ್ಟದ್ದು. 2024ರ ಫೆಬ್ರವರಿ 18ರಂದು ಸಮಾಧಿಸ್ಥರಾದ ವಿದ್ಯಾಸಾಗರರೂ ಅದಕ್ಕೆ ಮೊದಲೇ ಆಚಾರ್ಯಪದವನ್ನು ತ್ಯಜಿಸಿದ್ದರು. ಕಲಿಸುವುದು, ಒಪ್ಪಿಸುವುದು, ಇಳಿಯುವುದು: ಈ ಮೂರೂ ಕ್ರಮವಾಗಿ ನಡೆದಾಗಲೇ ನಾಯಕತ್ವವು ಧರ್ಮವಾಗುತ್ತದೆ.

ಬಿಟ್ಟುಕೊಡಲು ಒಲ್ಲದವರ ವಾದಗಳು ಹಳೆಯವು. ಮೊದಲನೆಯದು ಅನುಭವದ ವಾದ. ಅನುಭವವು ಕುರ್ಚಿಯಲ್ಲಿ ಇರುವುದಾದರೆ ಇಳಿದೊಡನೆ ಹೋಗಬೇಕು. ವ್ಯಕ್ತಿಯಲ್ಲಿ ಇರುವುದಾದರೆ ಚಾಪೆಯ ಮೇಲೆ ಕುಳಿತರೂ ಇರಬೇಕು. ಎರಡನೆಯದು, ಭಟ್ಟಾರಕ ಪೀಠಗಳು ಜೀವಿತಾವಧಿಯವಲ್ಲವೇ ಎಂಬ ಪ್ರಶ್ನೆ. ಶ್ರವಣಬೆಳಗೊಳದ ಹಿಂದಿನ ಚಾರುಕೀರ್ತಿ ಭಟ್ಟಾರಕರು 1970ರಿಂದ 2023ರವರೆಗೆ ಪೀಠದಲ್ಲಿದ್ದುದು ಸತ್ಯ. ಆದರೆ ಅವರು ಮನೆಮಠಗಳ ಮಮತೆಯನ್ನು ತೊರೆದು ಪೀಠವೇರಿದವರು. ಮನೆ, ಮಗ, ಪಿಂಚಣಿ, ತೋಟ ಎಲ್ಲವನ್ನೂ ಇಟ್ಟುಕೊಂಡು ಪೀಠದ ಅವಧಿಯನ್ನು ಮಾತ್ರ ಎರವಲು ಕೇಳುವುದು ನ್ಯಾಯವಲ್ಲ. ಮೂರನೆಯದು, ‘ಯಾರೂ ಮುಂದೆ ಬರುವುದಿಲ್ಲ’ ಎಂಬ ಗೋಳು. ಇಪ್ಪತ್ತು ವರ್ಷ ಒಬ್ಬರೇ ವ್ಯಾಖ್ಯಾನ ಹೇಳಿದ ಕಡೆ ಎರಡನೆಯ ಧ್ವನಿ ಹೇಗೆ ಹುಟ್ಟೀತು? ಸ್ವಾಧ್ಯಾಯಕ್ಕೆ ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಎಂದು ಐದು ಅಂಗಗಳಿವೆ. ಐದನೆಯದೊಂದನ್ನೇ ಉಳಿಸಿಕೊಂಡು, ಪ್ರಶ್ನೆ ಕೇಳುವ ಎರಡನೆಯ ಅಂಗವನ್ನು ಅವಿನಯವೆಂದು ಗದರಿಸಿದ ಮಂಡಳಿಗೆ ಉತ್ತರಾಧಿಕಾರಿ ಸಿಗದಿರುವುದು ಆಶ್ಚರ್ಯವಲ್ಲ. ನಾಲ್ಕನೆಯದು ಐಕ್ಯದ ವಾದ; ಅವಿರೋಧ ಆಯ್ಕೆಯೇ ಸಮಾಜಕ್ಕೆ ಶೋಭೆಯೆಂಬುದು. ಎದುರಾಡಲು ಹಿಂಜರಿದವರ ಮೌನವನ್ನು ಒಮ್ಮತವೆಂದು ನಡಾವಳಿ ಪುಸ್ತಕದಲ್ಲಿ ಬರೆಯುವುದು ಸತ್ಯವ್ರತಕ್ಕೆ ಅತಿಚಾರ.

ಚನ್ನಗಿರಿಯ ರೈತನೂ ಇದಕ್ಕಿಂತ ಉತ್ತಮ ನಿಯಮವನ್ನು ಬಲ್ಲ. ಅವನ ಅಡಿಕೆಯನ್ನು ಮಾರಿಕೊಡುವ ಸಹಕಾರ ಸಂಘದ ಆಡಳಿತ ಮಂಡಳಿಗೆ ಐದು ವರ್ಷದ ಅವಧಿಯಿದೆ. ಆ ತಾಲೂಕಿನ ಶಾಂತಿಸಾಗರವೆಂಬ ಸೂಳೆಕೆರೆ ನಾಡಿಗೆ ಉಪಕಾರಿಯಾಗಿರುವುದು ನೀರನ್ನು ಹಿಡಿದಿಟ್ಟ ಮಾತ್ರದಿಂದಲ್ಲ, ತೂಬಿನಿಂದ ಹೊಲಕ್ಕೆ ಬಿಡುವುದರಿಂದ. 1997ರವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು; ಹೊಸ ಜಿಲ್ಲೆಯಾದಾಗ ಕಡತಗಳು ಕೈ ಬದಲಿಸಿದವು. ಹೊನ್ನಾಳಿಯ ಹೋಬಳಿಯಾಗಿದ್ದ ನ್ಯಾಮತಿಯನ್ನು 2017ರ ಆಯವ್ಯಯದಲ್ಲಿ ತಾಲೂಕೆಂದು ಘೋಷಿಸಲಾಯಿತು. ಆಡಳಿತದ ಎಲ್ಲೆಗಳೇ ಬದಲಾಗುವಲ್ಲಿ ಒಂದು ಓದುವ ಮಂಡಳಿಯ ಅಧ್ಯಕ್ಷಗಿರಿ ಬದಲಾದರೆ ಧರ್ಮಕ್ಕೆ ಚ್ಯುತಿ ಬಂದೀತೇ?

ಹಾಗೆಂದು ಹೊಸಬರೆಲ್ಲರೂ ಯೋಗ್ಯರೆಂದು ಭ್ರಮಿಸಬೇಕಾಗಿಲ್ಲ. ಹಳಬರ ದೋಷ ಅಂಟಿಕೊಳ್ಳುವುದಾದರೆ, ಹೊಸಬರ ದೋಷ ಆಡಂಬರ. ನಾಯಕತ್ವ ಕೈಗೆ ಬಂದ ವರ್ಷವೇ ವಾರದ ಓದು ತಿಂಗಳಿಗೊಮ್ಮೆಯಾಗುತ್ತದೆ. ಗ್ರಂಥದ ಬದಲು ಸನ್ಮಾನ ಸಮಾರಂಭ, ಸ್ಮರಣ ಸಂಚಿಕೆ, ಬಸ್ಸಿನ ಪ್ರವಾಸಗಳು ಬರುತ್ತವೆ. ವಾಟ್ಸಾಪಿನಲ್ಲಿ ಹರಿದಾಡುವ ಸುಭಾಷಿತವೇ ಸ್ವಾಧ್ಯಾಯವೆನಿಸುತ್ತದೆ. ಟ್ರಸ್ಟುಗಳೂ ಇದಕ್ಕೆ ಕಾರಣವಾಗುವುದುಂಟು. ಸಭಾಭವನಕ್ಕೆ ಹೆಚ್ಚು ದೇಣಿಗೆ ಕೊಟ್ಟವರನ್ನು ಅಧ್ಯಕ್ಷರನ್ನಾಗಿಸುವುದು ಸುಲಭದ ದಾರಿ. ದಾನಿಗೆ ಕೃತಜ್ಞತೆ ಸಲ್ಲಬೇಕು. ಆದರೆ ಗ್ರಂಥದ ಪುಟ ತೆರೆಯದವನಿಗೆ ಓದುವವರ ಮುಂದಾಳುತನ ಸಲ್ಲದು. ಬ್ರಿಟನ್ನಿನಲ್ಲಿ 1980ರ ದಶಕದ ಆರಂಭದಲ್ಲಿ ಪೀಟರ್ ಲಾಸ್ಲೆಟ್ ಮೊದಲಾದವರು ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ವೆಂಬ ಚಳವಳಿಯನ್ನು ನಿವೃತ್ತರಿಗಾಗಿ ಕಟ್ಟಿದಾಗ, ಅಲ್ಲಿ ಕಲಿಸುವವರೂ ಕಲಿಯುವವರೂ ಬೇರೆ ವರ್ಗಗಳಲ್ಲವೆಂಬುದೇ ತತ್ತ್ವವಾಗಿತ್ತು. ಪರದೇಶದವರು ಕಂಡುಕೊಂಡ ಈ ಮಾತು ಸ್ವಾಧ್ಯಾಯದ ಪರಂಪರೆಯವರಿಗೆ ಹೊಸದೇನಲ್ಲ, ಮರೆತದ್ದು.

ಇನ್ನೊಂದು ಅನ್ಯಾಯವೂ ಇದೆ. ಪಾಠಕ್ಕೆ ತಪ್ಪದೆ ಬರುವ ಶ್ರಾವಿಕೆಯರು ಅಧ್ಯಕ್ಷಸ್ಥಾನದ ವಿಚಾರ ಬಂದಾಗ ಕಣ್ಣಿಗೆ ಬೀಳುವುದಿಲ್ಲ. ಭಗವಾನ್ ಆದಿನಾಥರು ಅಕ್ಷರವನ್ನು ಬ್ರಾಹ್ಮಿಗೂ ಅಂಕಿಯನ್ನು ಸುಂದರಿಗೂ ಕಲಿಸಿದರೆಂದು ಹೆಮ್ಮೆಪಡುವ ಸಮಾಜ ಇದು. ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ದಾನಚಿಂತಾಮಣಿಯೆಂದು ಕೊಂಡಾಡುವ ಸಮಾಜವೂ ಇದೇ. ಅತ್ತಿಮಬ್ಬೆಯ ಚಿತ್ರವನ್ನು ಗೋಡೆಗೆ ಹಾಕಿ, ನಿವೃತ್ತ ಶಿಕ್ಷಕಿಯೊಬ್ಬರನ್ನು ತಿಂಡಿಯ ವ್ಯವಸ್ಥೆಗೆ ನೇಮಿಸುವುದು ಎಂಥ ಗೌರವ?

ಟ್ರಸ್ಟುಗಳು ಮಾಡಬೇಕಾದುದು ಕಷ್ಟದ್ದಲ್ಲ. ಅಧ್ಯಕ್ಷರಿಗೆ ಎರಡು ವರ್ಷದ ಅವಧಿ. ಒಮ್ಮೆ ಮಾತ್ರ ಮುಂದುವರಿಕೆ. ಅನಂತರ ಕಡ್ಡಾಯ ವಿರಾಮ. ಅವಧಿಯ ಕೊನೆಯ ವರ್ಷ ಮುಂದಿನವರು ಜೊತೆಗಿದ್ದು ಕಲಿಯಬೇಕು. ಗ್ರಂಥಗಳ ಪಟ್ಟಿ, ನಿಧಿಯ ಲೆಕ್ಕ, ಬ್ಯಾಂಕಿನ ಪುಸ್ತಕ, ಓದು ನಿಂತ ಪುಟದ ಗುರುತು, ಕೀಲಿಕೈ ಇವಿಷ್ಟನ್ನೂ ಸದಸ್ಯರೆಲ್ಲರ ಎದುರಿಗೆ ಒಪ್ಪಿಸಬೇಕು. ಎರಡನೆಯ ಕೀಲಿಕೈ ಬಸದಿಯಲ್ಲಿರಬೇಕು. ಹೊಸ ಅಧ್ಯಕ್ಷರು ವಾರದ ಪಾಠಕ್ಕೆ ತಪ್ಪದೆ ಬರುವವರೇ ಆಗಿರಬೇಕು, ಪುರುಷರಾಗಲಿ ಸ್ತ್ರೀಯರಾಗಲಿ. ಈ ಒಪ್ಪಿಸುವಿಕೆಗೆ ದಶಲಕ್ಷಣ ಪರ್ವದ ಅನಂತರ ಬರುವ ಕ್ಷಮಾವಣಿಗಿಂತ ತಕ್ಕ ದಿನವಿಲ್ಲ; ಶ್ವೇತಾಂಬರ ಬಂಧುಗಳಿಗೆ ಸಂವತ್ಸರಿ ಇದೆ. ಉತ್ತಮ ಮಾರ್ದವ, ಉತ್ತಮ ತ್ಯಾಗ, ಉತ್ತಮ ಆಕಿಂಚನ್ಯಗಳ ಉಪದೇಶ ಕೇಳಿ ಎದ್ದ ಮನಸ್ಸು ಆಗ ಹದವಾಗಿರುತ್ತದೆ. ಇಳಿಯುವವರು ತಿಳಿದೋ ತಿಳಿಯದೆಯೋ ನೋಯಿಸಿದ್ದಕ್ಕೆ ಕ್ಷಮೆ ಕೇಳಲಿ. ಏರುವವರು ಮುಂದೆ ಆಗಬಹುದಾದ ಲೋಪಕ್ಕೆ ಮೊದಲೇ ಕೇಳಲಿ. ಹಾರ ತುರಾಯಿಗಳ ಖರ್ಚೂ ಉಳಿಯುತ್ತದೆ.

ವೃಷಭನಾಥರು ಅಯೋಧ್ಯೆಯನ್ನು ಭರತನಿಗೆ, ಪೌದನಪುರವನ್ನು ಬಾಹುಬಲಿಗೆ ಒಪ್ಪಿಸಿಯೇ ತಪೋವನಕ್ಕೆ ನಡೆದರು. ಬಾಹುಬಲಿಯು ಗೆದ್ದ ರಾಜ್ಯವನ್ನು ಗೆದ್ದ ಗಳಿಗೆಯಲ್ಲೇ ಬಿಟ್ಟನು. ಅಂಥವರ ಮೂರ್ತಿಗೆ ಅಭಿಷೇಕ ಮಾಡುವ ಕೈಗಳು ಒಂದು ಬೀರುವಿನ ಕೀಲಿಕೈಯನ್ನು ಬಿಡಲಾರವೆಂದರೆ, ಆ ಬೀರುವಿನೊಳಗಿನ ಗ್ರಂಥಗಳನ್ನು ಇನ್ನೂ ಯಾರೂ ಓದಿಲ್ಲವೆಂದೇ ಅರ್ಥ.