ಹಂದರದ ಹಣ, ಹಾಳೆಯ ಹಣ

ಕೀನ್ಯಾದ ಹಳ್ಳಿಯವರು ಟೊಮೇಟೊ ಬೆಳೆಯಲು ಊರೊಟ್ಟಿನ ಹಸಿರುಮನೆ ಕಟ್ಟಬೇಕೆಂದರೆ ‘ಹರಾಂಬೆ’ ಕರೆಯುತ್ತಾರೆ. ಎಲ್ಲರೂ ಕೂಡಿ ಎಳೆಯುವುದೆಂದು ಅದರ ಅರ್ಥ. 1963ರಲ್ಲಿ ಸ್ವಾತಂತ್ರ್ಯ ಬಂದಾಗ ಜೋಮೊ ಕೆನ್ಯಾಟ್ಟಾ ನಾಡಿಗೆ ಕೊಟ್ಟ ಘೋಷಣೆಯೂ ಅದೇ. ಎಷ್ಟೋ ಶಾಲೆಗಳು ಹೀಗೆಯೇ ಎದ್ದವು. ವಂತಿಗೆಯ ಹೆಸರಿನಲ್ಲಿ ಬಲವಂತವೂ ನಡೆಯಿತೆನ್ನಿ. ಸರಕಾರಿ ನೌಕರರು ಹುದ್ದೆಯ ಬಲದಿಂದ ಹರಾಂಬೆ ಹಣ ಎತ್ತಬಾರದೆಂದು 2003ರಲ್ಲಿ ಕಾನೂನಾಯಿತು. (ಸಂಘದ ರಸೀದಿ ಪುಸ್ತಕ ಹಿಡಿದು ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಅಲೆಯುವ ನಾವು ಇದನ್ನೋದಿ ತುಸು ಕೆಮ್ಮಿದೆವು.)

ತೊಡಕು ಬೇರೆಡೆ ಇದೆ. ಹಂದರದ ಖರ್ಚು ಒಮ್ಮೆ. ಮೇಲಿನ ಪ್ಲಾಸ್ಟಿಕ್ ಹಾಳೆಯೋ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಹರಿಯುತ್ತದೆ. ಉದ್ಘಾಟನೆಗೆ ಬಂದ ದಾನಿ ಹಾಳೆ ಹರಿದಾಗ ಬರುವನೆ? ಅಲ್ಲಿಯ ಹೆಂಗಸರಲ್ಲಿ ‘ಚಾಮಾ’ ಎಂಬ ಕೂಟಗಳುಂಟು: ನಮ್ಮ ಮನೆಯಾಕೆಯರ ಚೀಟಿಯಂತೆಯೇ, ಎಲ್ಲರೂ ಇಷ್ಟಿಷ್ಟು ಹಾಕಿ ಸರದಿಯಂತೆ ಎತ್ತುವುದು. ಅದರಲ್ಲೊಂದು ಸರದಿ ಹಾಳೆಯ ಹೆಸರಿಗಿದ್ದರೆ ಹಸಿರುಮನೆ ಉಳಿದೀತೆಂದು ನಮ್ಮ ಎಣಿಕೆ.